ಎರಡು ಚಿಂದಿ ಕಟ್ಟಿದ ಕತ್ತರಿ

ನಮ್ಮ ಮನೆಯಲ್ಲಿ ಹಾಲಿನ ಪಾಕೀಟು ಕತ್ತರಿಸುವುದು ದ್ರಾಕ್ಷಿ ಬಳ್ಳಿ ಕತ್ತರಿಸುವ ಕತ್ತರಿಯಿಂದ. ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ. ನಿಪ್ಪಾಣಿಯ ಈ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಅಡುಗೆಮನೆಗೊಂದು ಸಣ್ಣ ಕತ್ತರಿ ತರಬೇಕೆಂದು ಚೀಟಿ ಬರೆದು ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಚೀಟಿ ಇನ್ನೂ ಅಲ್ಲೇ ಇದೆ, ಕತ್ತರಿ ಬರಲಿಲ್ಲ. ಹಾಗಾಗಿ ಹಾಲು, ಕೊತ್ತಂಬರಿ, ಗುಳಿಗೆಯ ಪಟ್ಟಿ, ಕೊರಿಯರಿನವನು ತಂದ ಡಬ್ಬಿ, ಎಲ್ಲಕ್ಕೂ ಇದೇ. ಮೊದಲ ಸಲ ನೋಡಿದ ನೆಂಟರು ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಾರೆ. ಗಿಣಿಯ ಕೊಕ್ಕಿನಂತೆ ಬಾಗಿದ ಬಾಯಿ, ನಡುವೆ ಒಂದು ಸ್ಪ್ರಿಂಗು, ಹಿಡಿಕೆಗೆ ಸುತ್ತಿದ ಎರಡು ಚಿಂದಿ ಬಟ್ಟೆ. ಒಂದು ಹಸಿರು, ಒಂದು ನೀಲಿ. ಈಗ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬಂದಿವೆ, ಯಾವುದು ಯಾವುದೆಂದು ನನಗೊಬ್ಬಳಿಗೇ ಗೊತ್ತು.

ಆ ಚಿಂದಿಗಳನ್ನು ಬಿಚ್ಚಿ ಎಸೆದುಬಿಡಬಾರದೇ ಎಂದು ನಮ್ಮ ಯಜಮಾನರು ದೀಪಾವಳಿಯ ಸ್ವಚ್ಛತೆಯ ಹೊತ್ತಿಗೆ ವರ್ಷಕ್ಕೊಮ್ಮೆ ಕೇಳುತ್ತಾರೆ. ಕೇಳಿಸದವಳಂತೆ ಇದ್ದುಬಿಡುವುದು ನನ್ನ ರೂಢಿ. ಈ ಸಲ ಮಾತ್ರ ಅವರು ಕೇಳಿದ ಮೇಲೆ ಕತ್ತರಿ ಕೈಯಲ್ಲಿ ಹಿಡಿದು ಒಲೆ ಮುಂದೆ ಹಾಗೇ ನಿಂತುಬಿಟ್ಟೆ. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಆ ಅರ್ಧ ಲೀಟರ್ ಹಾಲು ಯಾಕೆ ಹಾಳಾಯಿತು ಎಂಬುದನ್ನೇ ನಿಮಗೆ ಹೇಳಹೊರಟಿದ್ದೇನೆ ಅಂದುಕೊಳ್ಳಿ.

ನಮ್ಮೂರು ಜುಗೂಳ, ಕೃಷ್ಣೆಯ ದಂಡೆಯ ಮೇಲೆ. ಎತ್ತ ನೋಡಿದರೂ ಕಬ್ಬು. ಚಿಕ್ಕವಳಿದ್ದಾಗ ಲೋಕದಲ್ಲಿ ಕಬ್ಬಿಗಿಂತ ಎತ್ತರದ್ದು ಎರಡೇ ಎಂದು ತಿಳಿದಿದ್ದೆ, ಒಂದು ಸಕ್ಕರೆ ಕಾರ್ಖಾನೆಯ ಚಿಮಣಿ, ಇನ್ನೊಂದು ನಮ್ಮಪ್ಪ. ಅಪ್ಪ ಶಾಲೆಯ ಸಿಪಾಯಿ. ಇಡೀ ಊರಿನ ಮಕ್ಕಳನ್ನು ಒಂದು ಗಂಟೆ ಬಾರಿಸಿ ಬಿಡುಗಡೆ ಮಾಡುವ ಅಧಿಕಾರ ಅವನದಾಗಿತ್ತು, ಹಾಗಾಗಿ ಮುಖ್ಯಾಧ್ಯಾಪಕರಿಗಿಂತ ಅವನೇ ದೊಡ್ಡವನೆಂಬುದು ನನ್ನ ನಂಬಿಕೆ. ಅವ್ವನ ಕೆಲಸ ಕಬ್ಬಿನಲ್ಲಿರಲಿಲ್ಲ, ದ್ರಾಕ್ಷಿಯಲ್ಲಿತ್ತು. ಕಾಗವಾಡದ ಆಚೆ ದ್ರಾಕ್ಷಿ ತೋಟಗಳಿವೆ, ನಮ್ಮ ಕಡೆ ಅವಕ್ಕೆ ಪಡ ಅನ್ನುತ್ತಾರೆ. ಹನ್ನೆರಡು ಹೆಂಗಸರ ಒಂದು ಟೋಳಿ ಬೆಳಿಗ್ಗೆ ಟಮ್‌ಟಮ್ ಹತ್ತಿ ಹೋಗಿ ಸಂಜೆ ಬರುತ್ತಿತ್ತು. ಬಳ್ಳಿ ಕತ್ತರಿಸುವುದು, ಬೇಡದ ಚಿಗುರು ಚಿವುಟುವುದು, ಎಳೆ ಗೊಂಚಲನ್ನು ಔಷಧದ ಲೋಟದಲ್ಲಿ ಅದ್ದುವುದು, ಹೀಗೆ ವರ್ಷಪೂರ್ತಿ ಒಂದಲ್ಲ ಒಂದು ಕೆಲಸ. ಎಲ್ಲಕ್ಕಿಂತ ದೊಡ್ಡದು ಬಳ್ಳಿ ಕತ್ತರಿಸುವ ಚಾಟ್ನಿ. ನಮ್ಮಲ್ಲಿ ಅದು ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಂದು, ಅಕ್ಟೋಬರಿನಲ್ಲೊಂದು.

ಹತ್ತನೇ ಇಯತ್ತೆಯ ಪರೀಕ್ಷೆ ಬರೆದು ಕೂತ ಬೇಸಿಗೆಯಲ್ಲಿ ನಾನೂ ಟೋಳಿ ಸೇರಿದೆ. ಮನೆಯಲ್ಲಿ ಕೂತು ಏನು ಮಾಡುತ್ತೀ ಎಂದು ಅವ್ವ ಕೇಳಿದಳು. ಅಲ್ಲಿಂದ ಪಿಯುಸಿ, ಪದವಿ, ಯಾವ ರಜೆ ಬಂದರೂ ನನ್ನ ಸೂಟಿ ಪಡದಲ್ಲೇ.

ಟೋಳಿಯಲ್ಲಿ ಇಬ್ಬಿಬ್ಬರ ಜೋಡಿ. ಬಳ್ಳಿಯ ಈ ಬದಿಗೊಬ್ಬರು, ಆ ಬದಿಗೊಬ್ಬರು. ನನಗೆ ಅವ್ವನೇ ಜೋಡಿ. ನಡುವೆ ಎಲೆ, ತಂತಿ, ಕಡ್ಡಿ ಇರುವುದರಿಂದ ಎದುರಿನವರ ಮುಖ ಕಾಣುವುದಿಲ್ಲ. ಎಲೆಯ ಸಂದಿನಲ್ಲಿ ಎರಡು ಕೈ ಕಾಣುತ್ತವೆ, ಕತ್ತರಿ ಕಾಣುತ್ತದೆ, ಮಾತು ಕೇಳುತ್ತದೆ. ಅವ್ವನ ಮುಖಕ್ಕಿಂತ ಅವ್ವನ ಕೈಯೇ ನನಗೆ ಹೆಚ್ಚು ಪರಿಚಯ ಅಂದರೆ ನೀವು ನಂಬಬೇಕು. ಕೋಪ ಬಂದಾಗ ಆ ಕೈ ಬೇಗ ಬೇಗ ಓಡುತ್ತಿತ್ತು, ತವರಿನ ಸುದ್ದಿ ಬಂದಾಗ ಸ್ವಲ್ಪ ನಿಧಾನ. ನಿಂತದ್ದನ್ನು ನಾನು ನೋಡಿರಲಿಲ್ಲ.

ಟೋಳಿಯನ್ನು ನಡೆಸುವ ಮುಕಾದಮ ಕಮಳಾ ಮಾವಶಿ. ಎತ್ತರದ ಹೆಂಗಸು, ಮಾತು ಕಡಿಮೆ. ಅವಳದೊಂದು ಕಟ್ಟಳೆ ಇತ್ತು. ಪ್ರತಿಯೊಬ್ಬಳೂ ತನ್ನ ಹಳೆಯ ಸೀರೆಯ ಚಿಂದಿಯೊಂದನ್ನು ಕತ್ತರಿಯ ಹಿಡಿಕೆಗೆ ಸುತ್ತಬೇಕು, ಅದೇ ಬಟ್ಟೆಯ ಇನ್ನೊಂದು ಚಿಂದಿಯನ್ನು ತಾನು ಮುಗಿಸಿದ ಸಾಲಿನ ಕೊನೆಯ ಕಂಬಕ್ಕೆ ಕಟ್ಟಬೇಕು. ಮೂರು ತಿಂಗಳ ಮೇಲೆ ಗೊಂಚಲು ಬಿಟ್ಟಾಗ ಮಾಲಕರು ಬಂದು ಈ ಸಾಲು ಯಾರದ್ದು ಎಂದು ಕೇಳಿದರೆ ಯಾರೂ ಮುಖ ಮುಖ ನೋಡಬೇಕಿಲ್ಲ, ಕಂಬವೇ ಹೇಳುತ್ತದೆ. ಅವ್ವನ ಚಿಂದಿ ಹಸಿರು. ನನ್ನ ಬಳಿ ಹಳೆಯ ಸೀರೆ ಎಲ್ಲಿಂದ ಬರಬೇಕು, ಶಾಲೆಯ ನೀಲಿ ಲಂಗವನ್ನೇ ಹರಿದೆ.

ಆ ಮೊದಲ ಏಪ್ರಿಲ್‌ನಲ್ಲಿ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿಯನ್ನೆಲ್ಲ ಕತ್ತರಿಸಿ ಬುಡದಲ್ಲಿ ಒಂದು ಕಣ್ಣು ಬಿಡಬೇಕು. ಕಣ್ಣೆಂದರೆ ಮುಂದೆ ಚಿಗುರು ಬರುವ ಗಂಟು. ನಾನು ಗಣಿತದಲ್ಲಿ ಶಾಲೆಗೇ ಮೊದಲಿಗಳು, ಕೆಲಸ ಅಚ್ಚುಕಟ್ಟಾಗಿರಬೇಕೆಂಬ ಹಟ ಬೇರೆ. ಒಂದೂ ಕಣ್ಣು ಉಳಿಯದಂತೆ ನುಣ್ಣಗೆ ಬೋಳಿಸುತ್ತಾ ಹೋದೆ. ಮಾವಶಿ ಬಂದು ನೋಡುವಷ್ಟರಲ್ಲಿ ಹನ್ನೊಂದು ಗಿಡ ಆಗಿತ್ತು. ಅವಳು ಬೈಯಲಿಲ್ಲ. ನನ್ನ ಲಂಗದ ಚಿಂದಿಯನ್ನು ಇಸಿದುಕೊಂಡು ಹನ್ನೊಂದು ತುಂಡು ಮಾಡಿ ಒಂದೊಂದು ಗಿಡಕ್ಕೂ ಕಟ್ಟಿ ಹೋದಳು. ಆ ವರ್ಷ ಅವುಗಳಲ್ಲಿ ಗೊಂಚಲು ಹಿಡಿಯಲಿಲ್ಲ, ನೀಲಿ ಚಿಂದಿಗಳು ಮಾತ್ರ ಗಾಳಿಗೆ ಆಡುತ್ತಿದ್ದವು. ಮಾರ್ಚ್‌ವರೆಗೂ ಆ ದಾರಿಯಲ್ಲಿ ಹೋದವರೆಲ್ಲ ನೋಡಿದರು.

ಮುಂದೆ ನಾನು ಧಾರವಾಡಕ್ಕೆ ತೋಟಗಾರಿಕೆಯ ಪದವಿ ಓದಲು ಹೋದೆ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯವರೆಲ್ಲ ಭೂಮಿ ಇದ್ದವರ ಮಕ್ಕಳು. ಸೂಟಿ ಮುಗಿಸಿ ಬರುವಾಗ ಒಬ್ಬಳು ಮಾವು ತರುತ್ತಿದ್ದಳು, ಒಬ್ಬಳು ದಾಳಿಂಬೆ. ನಾನು ಒಣದ್ರಾಕ್ಷಿ ತಂದೆ. ಒಣಗಿಸುವ ಶೆಡ್ಡಿನಲ್ಲಿ ಆರಿಸಿ ಉಳಿದದ್ದನ್ನು ಟೋಳಿಯ ಹೆಂಗಸರಿಗೆ ಕೊಡುತ್ತಿದ್ದರು, ಅದರದೇ ಒಂದು ಪಿಶವಿ. ನಿಮ್ಮ ಪಡ ಎಷ್ಟು ಎಕರೆ ಎಂದು ಒಬ್ಬಳು ಬಾಯಿ ಆಡಿಸುತ್ತಾ ಕೇಳಿದಳು. ನಾಲ್ಕು ಅಂದೆ. ನಾಲ್ಕೇ ಯಾಕೆ ಬಾಯಿಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಹೆಚ್ಚು ಹೇಳಿದರೆ ಯಾರೂ ನಂಬುವುದಿಲ್ಲ, ಕಡಿಮೆ ಹೇಳಿದರೆ ಸುಳ್ಳು ಹೇಳಿಯೂ ಪ್ರಯೋಜನವಿಲ್ಲ ಎಂಬ ಲೆಕ್ಕಾಚಾರ ಇದ್ದಿರಬೇಕು. ಹೀಗೆ ಒಂದು ಚೀಲ ಒಣದ್ರಾಕ್ಷಿಯಿಂದ ನಾನು ನಾಲ್ಕು ಎಕರೆಯ ಮಾಲಕಳಾದೆ. ಮೂರು ವರ್ಷ ಆ ಪಡವನ್ನು ನಾನು ಚೆನ್ನಾಗಿಯೇ ನೋಡಿಕೊಂಡೆ. ಒಮ್ಮೆ ಆಣೆಕಲ್ಲು ಮಳೆ ಬಿದ್ದು ನಷ್ಟವಾಯಿತೆಂದು ಹೇಳಿ ಗೆಳತಿಯರಿಂದ ಸಮಾಧಾನವನ್ನೂ ಹೇಳಿಸಿಕೊಂಡೆ.

ಮೂರನೆಯ ವರ್ಷದಲ್ಲಿ ಕಾಲೇಜಿನ ಫಲಕದ ಮೇಲೊಂದು ಸೂಚನೆ ಬಂತು. ಹೊರದೇಶದ ಹಣ್ಣಿನ ತೋಟವೊಂದರಲ್ಲಿ ಆರು ತಿಂಗಳು ಕೆಲಸ ಮಾಡಿ ಕಲಿಯಬಹುದು. ಹೋಗಿಬರುವ ಖರ್ಚು ಯೋಜನೆಯದು, ತೋಟ ಹುಡುಕಿಕೊಳ್ಳುವ ತಲೆನೋವು ವಿದ್ಯಾರ್ಥಿಯದು. ಜನವರಿ ಕೊನೆಯೊಳಗೆ ಯಾವುದಾದರೂ ತೋಟದ ಒಪ್ಪಿಗೆ ತರಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ನನಗೆ ಹೋಗಬೇಕು ಅನ್ನಿಸಿತು. ಹಾಗೆ ಹೋಗಬೇಕು ಅಂತ ಅದಕ್ಕಿಂತ ಮೊದಲು ಯಾವುದಕ್ಕೂ ಅನ್ನಿಸಿರಲಿಲ್ಲ. ದೇಶ ನೋಡುವ ಆಸೆಯಲ್ಲ. ನಾಲ್ಕು ಗೋಡೆಯ ನಡುವೆ ಪುಸ್ತಕದಲ್ಲಿ ಓದುವ ದ್ರಾಕ್ಷಿಗಿಂತ ಬೇರೆ ದ್ರಾಕ್ಷಿ ನನಗೆ ಗೊತ್ತಿತ್ತು, ಅದರಿಂದ ಏನಾದರೂ ಆಗಬಹುದೆಂದು ಮೊದಲ ಸಲ ಹೊಳೆದಿತ್ತು.

ದೀಪಾವಳಿ ಸೂಟಿಗೆ ಬಂದವಳು ಮಾಂಜರಿ ಸೇತುವೆ ದಾಟಿ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗಿ ಪೋಪಟಣ್ಣನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತೆ. ಪಿಯುಸಿ ಚಿಕ್ಕೋಡಿಯಲ್ಲೇ ಓದಿದ್ದರಿಂದ ಅವನು ಹಳೆಯ ಪರಿಚಯ. ಸುತ್ತಲಿನ ಹಳ್ಳಿಗಳಿಗೆಲ್ಲ ಅರ್ಜಿ ತುಂಬಿಕೊಡುವವನು ಅವನೇ. ಯಾವ ಅರ್ಜಿಗೆ ಏನು ಬರೆದರೆ ಕೆಲಸ ಆಗುತ್ತದೆಂದು ತನಗೆ ಗೊತ್ತೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಹೊರದೇಶದವರು ಆಳಿನ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ, ಮಾಲಕರ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಅಂದ. ನನ್ನ ಬಳಿ ನಾಲ್ಕು ಎಕರೆ ಸಿದ್ಧವಾಗಿಯೇ ಇತ್ತು, ಹಾಕಿಬಿಟ್ಟೆ. ನಮ್ಮ ತಂದೆಯವರ ನಾಲ್ಕು ಎಕರೆ ದ್ರಾಕ್ಷಿ ತೋಟದಲ್ಲಿ ಬಾಲ್ಯದಿಂದ ಬೆಳೆದವಳು ಎಂದು ಇಂಗ್ಲಿಷಿನಲ್ಲಿ ಬರೆದಾಗ ಸುಳ್ಳು ಇನ್ನಷ್ಟು ಗಂಭೀರವಾಗಿ ಕಾಣಿಸಿತು.

ನಿಮ್ಮ ಬಗ್ಗೆ ಹೇಳಬಲ್ಲವರ ಪತ್ರ ಲಗತ್ತಿಸಿ ಎಂದು ಎಲ್ಲ ತೋಟದವರೂ ಕೇಳಿದ್ದರು. ನಮ್ಮ ಕಡೆ ಅದಕ್ಕೆ ಅರ್ಥ ಒಂದೇ, ಶಿಕ್ಕಾ, ಅಂದರೆ ಮೊಹರು, ಇದ್ದವರನ್ನು ಹಿಡಿಯುವುದು. ಪಂಚಾಯತಿ ಅಧ್ಯಕ್ಷರ ಶಿಕ್ಕಾ, ಹೈಸ್ಕೂಲಿನ ಶಿಕ್ಕಾ, ಸೊಸಾಯಿಟಿಯ ಶಿಕ್ಕಾ, ಕೊನೆಗೆ ಕಾರ್ಖಾನೆಯ ಸಂಚಾಲಕರೊಬ್ಬರದು. ಅವರು ಜೀಪಿನಿಂದ ಇಳಿಯದೆ ಬಾನೆಟ್ಟಿನ ಮೇಲೆ ಕಾಗದ ಇಡಿಸಿ, ನನ್ನ ಮುಖ ನೋಡದೆ, ಈಕೆಯನ್ನು ನಾನು ಬಾಲ್ಯದಿಂದ ಬಲ್ಲೆ ಎಂಬ ವಾಕ್ಯದ ಕೆಳಗೆ ಸಹಿ ಮಾಡಿದರು. ಅವರ ಶಿಕ್ಕಾ ನೇರಳೆ ಬಣ್ಣದ್ದು, ದುಂಡಗೆ, ನಡುವೆ ಕಬ್ಬಿನ ಜಲ್ಲೆ. ಈಗ ನನಗೂ ತೋಟಗಾರಿಕೆ ಇಲಾಖೆಯದೊಂದು ಶಿಕ್ಕಾ ಇದೆ. ಬೇಡಕಿಹಾಳದಿಂದ, ಕೊಗನೊಳ್ಳಿಯಿಂದ ಹುಡುಗರು ಸಹಿಗೆ ಬರುತ್ತಾರೆ. ನೀನು ಕೆಲಸ ಮಾಡಿದ್ದನ್ನು ನಾನು ಎಲ್ಲಿ ನೋಡಿದ್ದೇನಪ್ಪಾ ಎಂದು ಕೇಳುತ್ತೇನೆ. ಮೇಡಮ್ ತ್ರಾಸಿನವರು ಎಂದು ಹೆಸರು ಬಂದಿದೆ, ಇರಲಿ.

ಮೂವತ್ತು ತೋಟಗಳಿಗೆ ಕಳಿಸಿದೆ. ಇಪ್ಪತ್ತೊಂಬತ್ತರಿಂದ ಉತ್ತರ ಬರಲಿಲ್ಲ. ಸಂಕ್ರಾಂತಿಗೆ ಮತ್ತೆ ಊರಿಗೆ ಬಂದಾಗ ನ್ಯೂಜಿಲೆಂಡಿನ ಒಂದು ತೋಟದಿಂದ ಪತ್ರ ಬಂದಿತ್ತು. ಗಂಡ ಹೆಂಡತಿ ಇಬ್ಬರೇ ನಡೆಸುವ ತೋಟ, ಬರೆದವಳು ಹೆಲನ್. ಪೋಪಟಣ್ಣ ಅದನ್ನು ಪ್ರಿಂಟ್ ತೆಗೆದುಕೊಟ್ಟ. ನಾನು ಬಸ್ಸಿನಲ್ಲಿ ಓದುತ್ತಾ ಬಂದೆ, ಅಂಕಲಿ ಬರುವಷ್ಟರಲ್ಲಿ ಮುಖ ಬಿಸಿಯಾಗಿತ್ತು.

ನಿಮ್ಮ ಶಿಕ್ಕಾಗಳು ಬಹಳ ಚಂದ ಇವೆ, ನೇರಳೆಯದನ್ನು ನನ್ನ ಗಂಡ ಫ್ರಿಜ್ಜಿಗೆ ಅಂಟಿಸಿದ್ದಾನೆ ಎಂದು ಬರೆದಿದ್ದಳು. ಆದರೆ ಇಷ್ಟು ದೊಡ್ಡವರಲ್ಲಿ ಒಬ್ಬರೂ ನೀನು ಬಳ್ಳಿ ಕತ್ತರಿಸಿದ್ದನ್ನು ನೋಡಿದಂತಿಲ್ಲ. ಚಳಿಯಲ್ಲಿ ದಿನಕ್ಕೆ ಎಂಟು ತಾಸು ನಿಂತು ಮಾಡುವ ಕೆಲಸ ಇದು. ಹಿಂದೆ ತೋಟದ ಮಾಲಕರ ಮಕ್ಕಳು ಇಬ್ಬರು ಬಂದಿದ್ದರು, ಕೈಯಲ್ಲಿ ಗುಳ್ಳೆ ಎದ್ದು ಎರಡು ವಾರಕ್ಕೆ ಹೋದರು. ನಿನ್ನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಯಾರಾದರೂ ಒಬ್ಬರು ಬರೆದರೆ ಸಾಕು. ಇನ್ನೊಂದು ಮಾತು, ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತೇವೆಂದು ಬರೆದಿದ್ದೀಯ, ಇದು ಕೈತಪ್ಪಿರಬೇಕು. ನಮ್ಮಲ್ಲಿ ಚಳಿಗಾಲದ ನಾಲ್ಕು ತಿಂಗಳು ಬಳ್ಳಿ ಮಲಗಿರುತ್ತದೆ, ಆಗ ಒಂದೇ ಸಲ.

ಅವ್ವನಿಗೆ ಇಷ್ಟನ್ನೂ ಹೇಳಲಿಲ್ಲ, ಬಳ್ಳಿ ಮಲಗುವುದನ್ನು ಮಾತ್ರ ಹೇಳಿದೆ. ಅಲ್ಲಿಯತನಕ ನನ್ನನ್ನು ಕಳಿಸಲು ಅವ್ವನಿಗೆ ಮನಸ್ಸಿರಲಿಲ್ಲ. ದೂರ ಎಷ್ಟು ಎಂದು ಕೇಳಿದ್ದಳು, ನಾನು ಹೇಳಿದ್ದೆ, ಅವಳು ಅಲ್ಲಿಗೇ ಬಿಟ್ಟಿದ್ದಳು. ಈಗ ರೊಟ್ಟಿ ಬಡಿಯುವುದನ್ನು ಬಿಟ್ಟು ತಿರುಗಿ ನೋಡಿದಳು.

“ನಾಕ ತಿಂಗಳ ಬಳ್ಳಿಗೆ ಸೂಟಿ ಕೊಡ್ತಾರಾ?”

ಹೌದು ಅಂದೆ.

“ಬಳ್ಳಿಗೇ ಸೂಟಿ ಕೊಡ್ತಾರಂದ್ರ ಮಂದಿ ಛಲೋ ಇರಬೇಕ. ಹೋಗಿ ಬಾ.”

ಆದರೆ ಹೋಗಿಬರಲು ಒಂದು ಪತ್ರ ಬೇಕಿತ್ತು, ಜನವರಿ ಮುಗಿಯಲು ಹದಿನೈದು ದಿನ ಉಳಿದಿತ್ತು. ಪಕ್ಕದಲ್ಲಿ ನಿಂತವರಿಂದ ಬರೆಸಿದರೆ ನಾಲ್ಕು ಎಕರೆ ಹೋಗುತ್ತದೆ, ಬರೆಸದಿದ್ದರೆ ನ್ಯೂಜಿಲೆಂಡೇ ಹೋಗುತ್ತದೆ. ಒಂದು ರಾತ್ರಿ ಯೋಚಿಸಿ ಎರಡನ್ನೂ ಉಳಿಸಿಕೊಳ್ಳುವ ದಾರಿ ಹುಡುಕಿದೆ. ಮರುದಿನ ಟೋಳಿಯ ಜೊತೆ ಟಮ್‌ಟಮ್ ಹತ್ತಿ ಪಡದ ನಿಜವಾದ ಮಾಲಕರಾದ ಆಬಾರ ಹತ್ತಿರ ಹೋದೆ. ಎಪ್ಪತ್ತು ದಾಟಿದ, ತಲೆಗೆ ಬಿಳಿ ಟೋಪಿ ಹಾಕುವ, ಹೆಂಗಸರ ಜೊತೆ ಚಹಾ ಕುಡಿಯುತ್ತಾ ಕೂರುವ ಮನುಷ್ಯ. ಸಾಲಿನ ತುದಿಯಲ್ಲಿ ಬೇವಿನ ಗಿಡದ ಕೆಳಗೆ ಕೂತಿದ್ದರು. ಹತ್ತು ಹೆಜ್ಜೆ ದೂರದಲ್ಲಿ ಹೆಂಗಸರು ಗೊಂಚಲಿನ ಒಣಗಿದ ಕಾಳು ತೆಗೆಯುತ್ತಿದ್ದರು. ನಾನು ದನಿ ಇಳಿಸಿ ನನ್ನ ಸುಳ್ಳನ್ನು ಒಪ್ಪಿಕೊಂಡು, ಈ ಪಡ ನಮ್ಮಪ್ಪನದೆಂದೂ ನೀವು ಪಕ್ಕದ ತೋಟದವರೆಂದೂ, ನನ್ನ ಕೆಲಸ ನೋಡಿದ್ದೀರೆಂದೂ ಒಂದು ಪತ್ರ ಬರೆದುಕೊಡಬೇಕೆಂದು ಬೇಡಿಕೊಂಡೆ. ಆಬಾ ನಕ್ಕುಬಿಟ್ಟರು.

“ಬರದ ಕೊಡ್ತೇನ ಬಾ ತಂಗಿ. ನಾಕ ಎಕರೆ ಸಾಕೋ, ಇನ್ನೆರಡ ಬೇಕೋ? ಅವರೇನ ಇಲ್ಲಿ ಬಂದ ಉತಾರ ತಗಸ್ತಾರ?”

ಉತಾರ ಅಂದರೆ ಹೊಲದ ದಾಖಲೆ. ಅವರು ತಮಾಷೆಗೆ ಹೇಳಿದರೂ ಮನಸ್ಸಿನಿಂದಲೇ ಹೇಳಿದ್ದರು. ಡೈರಿಯ ಹಾಳೆಯನ್ನು ಹರಿದು ಪೆನ್ನಿನ ಟೊಪ್ಪಿಗೆಯನ್ನೂ ತೆಗೆದರು. ಅಷ್ಟರಲ್ಲಿ ಕಮಳಾ ಮಾವಶಿ ನೀರು ಕುಡಿಯಲು ಬಂದಳು. ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ದನಿ ಇಳಿಸಿದ್ದು ಸಾಕಾಗಿರಲಿಲ್ಲ.

“ಆಬಾ, ನಿಮ್ಮ ಪಡ, ನೀವ ಕೊಡ್ರಿ,” ಅಂದಳು. “ಖರೆ ಹದಿನಾಕನೇ ಸಾಲಿನ ಕಂಬಕ್ಕ ಇಕಿ ಚಿಂದಿ ಐತಿ. ಮಾಲಕರ ಮಗಳಿಗೆ ಚಿಂದಿ ಯಾಕ ಬೇಕ? ಅದನ್ನ ಬಿಚ್ಚಿ ಬಿಡ್ಲಿ?”

ಆಬಾ ಪೆನ್ನು ಹಿಡಿದುಕೊಂಡೇ ಕೂತರು. ಮಾವಶಿ ನನ್ನ ಕಡೆ ತಿರುಗಿದಳು.

“ಐದ ವರ್ಷ ನಿಮ್ಮವ್ವ ನಿನ್ನ ಎದರ ನಿಂತಾಳ. ಆ ಕಾಗದದಾಗ ಆಕಿ ಎಲ್ಲಿ ಅದಾಳ?”

ನಾನು ಸಾಲಿನ ಕಡೆ ನೋಡಿದೆ. ಅವ್ವ ಮೊದಲ ಸಾಲಿನಲ್ಲೇ ಇದ್ದಳು, ಬಳ್ಳಿಯ ಆಚೆ ಬದಿಗೆ. ಎಲೆಯ ಸಂದಿನಲ್ಲಿ ಎಂದಿನಂತೆ ಎರಡು ಕೈ ಕಾಣುತ್ತಿದ್ದವು. ಒಂದು ಕೈ ಗೊಂಚಲನ್ನು ಹಿಡಿದಿತ್ತು, ಇನ್ನೊಂದರಲ್ಲಿ ಕತ್ತರಿ ಇತ್ತು. ಎರಡೂ ನಿಂತಿದ್ದವು. ನನಗೆ ಆಗ ಆದ ನಾಚಿಕೆ ಈಗ ಬರೆಯುವಾಗಲೂ ಆಗುತ್ತಿದೆ. ಹಾಸ್ಟೆಲ್ಲಿನಲ್ಲಿ ಮೂರು ವರ್ಷ ನಾಲ್ಕು ಎಕರೆ ನೋಡಿಕೊಂಡವಳಿಗೆ, ಆ ನಾಲ್ಕು ಎಕರೆಯಲ್ಲಿ ಅವ್ವನಿಗೆ ನಿಲ್ಲಲು ಜಾಗ ಬಿಟ್ಟಿಲ್ಲವೆಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಆಬಾರ ಕೈಯಿಂದ ಹಾಳೆ, ಪೆನ್ನು ತೆಗೆದುಕೊಂಡೆ. ನೀನೇ ಹೇಳು ಮಾವಶಿ, ಬರೆದುಕೊಳ್ಳುತ್ತೇನೆ ಅಂದೆ. ಅವಳು ಕೂರಲಿಲ್ಲ, ನಿಂತೇ ಹೇಳಿದಳು. ಆ ಹಾಳೆ ಇನ್ನೂ ನನ್ನ ಬಳಿ ಇದೆ, ಆದ್ದರಿಂದ ಇದ್ದದ್ದು ಇದ್ದಂತೆ ಕೊಡಬಲ್ಲೆ.

“ಇಕಿ ಸುಜಾತಾ. ನಮ್ಮ ಟೋಳಿಯಾಗ ಐದ ವರ್ಷ ಸೂಟಿ ಇದ್ದಾಗ ಕೂಲಿ ಮಾಡ್ಯಾಳ. ತನ್ನ ಅವ್ವನ ಎದರ ನಿಂತ ಕಲತಾಳ. ಮದಲ್ನೇ ವರ್ಷ ಹನ್ನೊಂದ ಗಿಡ ಕೆಡಿಸ್ಯಾಳ. ಆಮ್ಯಾಲ ಕೆಡಿಸಿಲ್ಲ. ಮಾತ ಜಾಸ್ತಿ, ಖರೆ ಮಾತಾಡುವಾಗ ಕೈ ನಿಲ್ಲೂದಿಲ್ಲ. ಬಿಸಲಾಗ ಎರಡ ಸಲ ಚಕ್ಕರ ಬಂದ ಬಿದ್ದಾಳ, ಎದ್ದ ಸಾಲ ಮುಗಿಸ್ಯಾಳ. ಈ ವರ್ಷ ಹದಿನಾಕನೇ ಸಾಲ ಇಕಿದು. ನೋಡಬೇಕಂದ್ರ ಬರ್ರಿ.”

ಹನ್ನೊಂದು ಗಿಡದ ಸುದ್ದಿ ಬೇಕೇ ಎಂದು ಕೇಳಿದೆ. ಬೇಕು ಅಂದಳು. ಬಿದ್ದದ್ದು? ಅದೂ ಬೇಕು. ಆಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ನಿಧಾನವಾಗಿ ತನ್ನ ಹೆಸರು ಬರೆದಳು. ಆಬಾ ಹಾಳೆಯನ್ನು ಇಸಿದುಕೊಂಡು ಕೆಳಗೆ, ಮೇಲಿನದು ಖರೆ, ಪಡ ನನ್ನದು ಎಂದು ಬರೆದು ಸಹಿ ಮಾಡಿದರು. ಅವರ ಜೇಬಿನಲ್ಲಿ ಯಾವುದೋ ಸಂಘದ ಶಿಕ್ಕಾ ಇತ್ತು, ಹೊಡೆಯಲಾ ಎಂದು ಕೇಳಿದರು. ಮಾವಶಿ ಬೇಡ ಅಂದಳು.

ಈಗ ಅದನ್ನು ಇಂಗ್ಲಿಷಿಗೆ ಮಾಡಬೇಕಾದವಳು ನಾನು. ನನ್ನ ತಪ್ಪುಗಳ ಪಟ್ಟಿಯನ್ನು ನನ್ನ ಕೈಯಿಂದಲೇ ಪರದೇಶಕ್ಕೆ ಕಳಿಸುವ ಕೆಲಸ. ಮರುದಿನ ಪೋಪಟಣ್ಣನ ಅಂಗಡಿಯಲ್ಲಿ ಕೂತು ಟೈಪು ಮಾಡತೊಡಗಿದೆ. ಅವನು ಹಿಂದೆ ನಿಂತು ಓದುತ್ತಾ ನಿಟ್ಟುಸಿರುಬಿಟ್ಟ. ಕೂಲಿ ಎಂಬುದನ್ನು ತೆಗೆ, ಹನ್ನೊಂದು ಗಿಡವನ್ನಂತೂ ತೆಗೆದೇ ಬಿಡು, ನಿಮ್ಮ ಮುಕಾದಮಳಿಗೆ ಇಂಗ್ಲಿಷ್ ಎಲ್ಲಿ ಬರುತ್ತದೆ ಅಂದ. ಅವನು ಹೇಳಿದ್ದು ಸರಿಯೇ. ಇಡೀ ಟೋಳಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಏನು ಬರೆದರೂ ಕೇಳುವವರಿರಲಿಲ್ಲ.

ಹನ್ನೊಂದನ್ನು ಅಳಿಸಿದೆ. ಬರೀ ಕೆಲವು ಗಿಡ ಎಂದು ಮಾಡಿದೆ. ಅದು ಸರಿ ಕಾಣಲಿಲ್ಲ. ಮೂರು ಎಂದು ಮಾಡಿದೆ. ಮೂರು ಎಂದರೆ ಪ್ರಾಮಾಣಿಕಳೆಂಬ ಹೆಸರೂ ಬರುತ್ತದೆ, ಕೆಲಸದವಳೆಂಬ ಹೆಸರೂ ಉಳಿಯುತ್ತದೆ. ಆ ಮೂರನ್ನು ನೋಡುತ್ತಾ ಕೂತಾಗ ಉಳಿದ ಎಂಟು ಗಿಡಗಳ ಮೇಲಿನ ನೀಲಿ ಚಿಂದಿಗಳು ಕಣ್ಣಿಗೆ ಬಂದವು. ಅವನ್ನು ನಾನು ಹೋಗಿ ಬಿಚ್ಚಿದಂತಾಗುತ್ತಿತ್ತು. ಮತ್ತೆ ಹನ್ನೊಂದು ಎಂದು ಬರೆದೆ. ಮೇಲೆ ನನ್ನದೇ ಎರಡು ಸಾಲು ಸೇರಿಸಿದೆ. ನಾಲ್ಕು ಎಕರೆ ನಮ್ಮದಲ್ಲ, ನನ್ನ ತಾಯಿ ಅಲ್ಲಿ ಕೂಲಿ ಮಾಡುತ್ತಾಳೆ, ನಾನೂ ಮಾಡಿದ್ದೇನೆ, ಸುಳ್ಳು ಬರೆದಿದ್ದಕ್ಕೆ ಕ್ಷಮಿಸಿ. ಮತ್ತು ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುವುದು ಮಾತ್ರ ನಿಜ. ಮಾವಶಿಯ ಸಹಿ ಇದ್ದ ಹಾಳೆಯನ್ನೂ ಸ್ಕ್ಯಾನ್ ಮಾಡಿಸಿ ಲಗತ್ತಿಸಿ, ಕಳಿಸುವ ಗುಂಡಿ ಒತ್ತಿ ಹೊರಗೆ ಬಂದು ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲು ಕುಡಿದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದರಿಂದಲೋ ಏನೋ, ಬಹಳ ರುಚಿಯಾಗಿತ್ತು.

ಧಾರವಾಡಕ್ಕೆ ಮರಳಿ ಒಂದು ವಾರವಾದ ಮೇಲೆ, ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು. ಕಾಲೇಜಿನ ಕಂಪ್ಯೂಟರಿನ ಮುಂದೆ ಕ್ಯೂ ಇತ್ತು, ಬೇಗ ಬೇಗ ಓದಿದೆ. ನನ್ನ ಗಂಡ ಮೊದಲ ವರ್ಷ ನಲವತ್ತು ಬಳ್ಳಿ ಕೆಡಿಸಿದ್ದ, ಅವನಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ ಎಂದು ಹೆಲನ್ ಬರೆದಿದ್ದಳು. ನಿಮ್ಮ ಮುಕಾದಮಳ ಪತ್ರವನ್ನು ನಾವು ಮೂರು ಸಲ ಓದಿದೆವು, ಇಂಥ ಪತ್ರ ನಮಗೆ ಯಾರೂ ಬರೆದಿಲ್ಲ, ನೇರಳೆ ಶಿಕ್ಕಾ ತೆಗೆದು ಅದನ್ನೇ ಫ್ರಿಜ್ಜಿಗೆ ಹಾಕಿದ್ದೇವೆ. ಜೂನ್‌ನಲ್ಲಿ ಬಾ. ಕೆಳಗೆ ಇನ್ನೊಂದು ಸಾಲು ಇತ್ತು. ನಿನಗೆ ಕಲಿಸಿದ ನಿನ್ನ ತಾಯಿ ಬರುವುದಾದರೆ ಅವರಿಗೂ ಇಲ್ಲಿ ಒಂದು ಸಾಲು ಇದೆ.

ಅಪ್ಪನ ಮೊಬೈಲಿಗೆ ಫೋನು ಮಾಡಿ ಅವ್ವನನ್ನು ಕರೆಸಿ ಎಲ್ಲವನ್ನೂ ಓದಿ ಹೇಳಿದೆ. ಕೊನೆಯ ಸಾಲನ್ನೂ ಹೇಳಿದೆ. ಅವ್ವ, ತಾನು ಹೋದರೆ ಟೋಳಿಯಲ್ಲಿ ಒಂದು ಕೈ ಕಡಿಮೆಯಾಗುತ್ತದೆ ಎಂದು ಬಹಳ ಗಂಭೀರವಾಗಿ, ಟಿಕೆಟ್ಟು ಕೈಯಲ್ಲಿದೆ ಎಂಬಂತೆ ಹೇಳಿದಳು. ಆಮೇಲೆ ಅಂದಳು, “ನನ್ನ ಕತ್ತರಿ ಒಯ್ಯಿ.”

ಹಾಗೆ ಈ ಕತ್ತರಿ ಸಮುದ್ರ ದಾಟಿತು. ಪೆಟ್ಟಿಗೆಯ ತಳದಲ್ಲಿ, ಶೇಂಗಾ ಚಟ್ನಿಯ ಡಬ್ಬಿಯ ಪಕ್ಕದಲ್ಲಿ. ಹಿಡಿಕೆಗೆ ಅವ್ವನ ಹಸಿರು ಚಿಂದಿ ಮೊದಲೇ ಇತ್ತು, ಅದರ ಮೇಲೆ ನನ್ನ ನೀಲಿಯನ್ನು ಸುತ್ತಿದೆ. ಕಟ್ಟಲು ಬೇಕಾಗುತ್ತದೆಂದು ಅವ್ವ ತನ್ನ ಹಳೆಯ ಹಸಿರು ಸೀರೆಯ ಅರ್ಧವನ್ನೇ ಪಟ್ಟಿ ಪಟ್ಟಿಯಾಗಿ ಹರಿದು ಗಂಟು ಕಟ್ಟಿಕೊಟ್ಟಿದ್ದಳು. ಹೊರಡುವ ದಿನ ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ಆ ಗಂಟನ್ನು ಇಟ್ಟು ಕೈಮುಗಿದಳು. ಪಾಸ್‌ಪೋರ್ಟನ್ನು ಇಡಲಿಲ್ಲ, ಅದನ್ನು ಇಡಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.

ಹೆಲನ್ ಬಾಯಿಯ ತೋಟದ ಬಗ್ಗೆ ಹೇಳಲು ಕೂತರೆ ಇನ್ನೂ ಅರ್ಧ ಲೀಟರ್ ಹಾಲು ಹೋಗುತ್ತದೆ. ಬೆಳಿಗ್ಗೆ ಬಳ್ಳಿಯ ಮೇಲೆ ಬಿಳಿ ಹಿಮ ಕೂತಿರುತ್ತಿತ್ತು. ಎಲೆ ಒಂದೂ ಇಲ್ಲದ ಬಳ್ಳಿಗಳು, ಎದುರಿನವರ ಮುಖ ಪೂರ್ತಿ ಕಾಣುತ್ತದೆ. ಮೊದಲ ವಾರ ನನಗೆ ಅದೇ ಸಂಕೋಚ. ಮುಗಿದ ಸಾಲಿಗೆ ನಾನು ಚಿಂದಿ ಕಟ್ಟುವುದನ್ನು ನೋಡಿ ಅವಳ ಗಂಡ ಏನೆಂದು ಕೇಳಿದ, ಹೇಳಿದೆ, ತಲೆಯಾಡಿಸಿದ. ದಿನಕ್ಕೆ ನನ್ನ ಪಾಲಿನ ಸಾಲುಗಳಿಗೆ ಊರಿಂದ ತಂದ ಲಂಗದ ನೀಲಿ ಕಟ್ಟುತ್ತಿದ್ದೆ. ವಾರದ ಕೊನೆಯ ಸಾಲಿಗೆ ಹಸಿರು. ಆ ಸಾಲನ್ನು ಅವ್ವ ಎದುರಿಗೆ ನಿಂತಂತೆ ಅಂದುಕೊಂಡು ಮಾಡುತ್ತಿದ್ದೆ. ಅವಳಿಗೆ ಕೊಟ್ಟಿದ್ದ ಸಾಲು ಅದು, ಬೇರೆಯವರಿಗೆ ಹೋಗಬಾರದಲ್ಲ.

ಆರು ತಿಂಗಳು ಮುಗಿಸಿ ಊರಿಗೆ ಬಂದಾಗ ಫೋಟೊಗಳ ಒಂದು ಕಟ್ಟು ತಂದಿದ್ದೆ. ಟೋಳಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ನೋಡಿದರು. ಹಿಮದ ಗುಡ್ಡ, ನೀಲಿ ಸರೋವರ, ಕುರಿಗಳು. ಹೆಲನ್ ಬಾಯಿಯ ಫ್ರಿಜ್ಜಿನ ಮೇಲೆ ತನ್ನ ಸಹಿಯನ್ನು ಕಂಡು ಕಮಳಾ ಮಾವಶಿ ಫೋಟೊವನ್ನು ದೂರ ಹಿಡಿದು ಒಮ್ಮೆ, ಹತ್ತಿರ ಹಿಡಿದು ಒಮ್ಮೆ ನೋಡಿದಳು. ಎಲ್ಲ ಎದ್ದು ಹೋದ ಮೇಲೆ ಒಂದು ಫೋಟೊವನ್ನು ಬೇರೆಯಾಗಿ ತೆಗೆದು ಅವ್ವನ ಕೈಗೆ ಕೊಟ್ಟೆ. ಹಿಮ ಬಿದ್ದ ಒಂದು ಉದ್ದ ಸಾಲು, ತುದಿಯ ಕಂಬಕ್ಕೆ ಹಸಿರು ಚಿಂದಿ. ಇದು ನಿನ್ನ ಸಾಲು ಅಂದೆ.

ಅವ್ವ ಅದನ್ನು ಬಾಗಿಲಿನ ಬೆಳಕಿಗೆ ಒಯ್ದಳು. ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಅತ್ತರೆ ಚೆನ್ನಾಗಿತ್ತು ಎಂಬ ಆಸೆಯೂ ಇತ್ತು. ಅವಳು ಗುಡ್ಡ ನೋಡಲಿಲ್ಲ, ಹಿಮ ನೋಡಲಿಲ್ಲ. ಬೆರಳನ್ನು ಬಳ್ಳಿಯಿಂದ ಬಳ್ಳಿಗೆ ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು.

“ಮೂರನೇ ಗಿಡಕ್ಕ ಒಂದ ಕಣ್ಣ ಹೆಚ್ಚಿಗಿ ಬಿಟ್ಟಿ,” ಅಂದಳು. “ನನ್ನ ಚಿಂದಿ ಕಟ್ಟಿ ಹಿಂತಾ ಕೆಲಸ ಮಾಡ್ತಾರೇನ?”